ಗೇಟಿನ ಕ್ಯಾಮೆರಾ: ಕಣ್ಣು ಚುರುಕು, ವಿಳಾಸವೇ ನಿಲ್ಲದು

ನಮ್ಮ ಕಾಂಪೌಂಡಿನ ದಾಸವಾಳ ಬೆಳಗಿನ ಐದೂವರೆಗೇ ಯಾರದೋ ಮನೆಯ ದೇವರ ಮುಡಿ ಸೇರುತ್ತಿತ್ತು. ಸರಸ್ವತಿಪುರದಲ್ಲಿ ಇದೇನೂ ಹೊಸದಲ್ಲ. ಒಂದು ಕೈಯಲ್ಲಿ ಕೊಕ್ಕೆ ಕಟ್ಟಿದ ಕೋಲು, ಇನ್ನೊಂದರಲ್ಲಿ ಪ್ಲಾಸ್ಟಿಕ್ ಕವರ್ ಹಿಡಿದು ವಾಕಿಂಗ್ ಹೊರಡುವ ಭಕ್ತರು ಇಲ್ಲಿ ಕಡಿಮೆಯಿಲ್ಲ. ಹೂವಿಗಾಗಿ ಕ್ಯಾಮೆರಾ ಕೊಂಡೆ ಎಂದರೆ ಜನ ನಗುತ್ತಾರೆಂದು ಹೆಂಡತಿಯ ಮಂಡಿನೋವಿನ ನೆಪ ಹೇಳಿದೆ. ಅದೂ ಪೂರ್ತಿ ನೆಪವಲ್ಲ. ಬೆಲ್ ಆದಾಗಲೆಲ್ಲ ಅವಳು ಅಡುಗೆಮನೆಯಿಂದ ಗೇಟಿಗೆ ನಡೆಯುವುದು ತಪ್ಪಲಿ, ಮಗಳು ಕಳಿಸಿಕೊಟ್ಟ ಅಲೆಕ್ಸಾ ಪರದೆಯಲ್ಲೇ ಬಂದವರ ಮುಖ ಕಾಣಲಿ ಎಂಬ ಆಸೆ ನನಗಿತ್ತು.

ಕ್ಯಾಮೆರಾ ಎರಡು ಸಾವಿರದ ಚಿಲ್ಲರೆ ರೂಪಾಯಿಯದು. ಕಂಪನಿಯ ಹೆಸರು ಬರೆಯುವುದಿಲ್ಲ. ಈ ಬೆಲೆಯ ವೈಫೈ ಕ್ಯಾಮೆರಾಗಳು ಹೆಚ್ಚುಕಡಿಮೆ ಒಂದೇ ಜಾತಿಯವು, ಒಂದಕ್ಕೆ ಬರುವ ಕಾಯಿಲೆ ಇನ್ನೊಂದಕ್ಕೂ ಬರುತ್ತದೆ. ಚಿತ್ರದ ಬಗ್ಗೆ ದೂರಿಲ್ಲ. ಐದು ತಿಂಗಳ ಮಳೆ ಬಿಸಿಲಿಗೆ ಗಾಜು ಮಸುಕಾಗಿಲ್ಲ. ಹೂವು ಕೀಳುವವರು ಯಾರೆಂಬುದು ಮೂರನೆಯ ದಿನವೇ ಸೀರೆಯ ಅಂಚಿನ ಸಮೇತ ಗೊತ್ತಾಯಿತು. ಹೆಸರು ಹೇಳುವಂತಿಲ್ಲ, ಶುಕ್ರವಾರದ ಪ್ರಸಾದ ನಮಗೆ ಬರುವುದು ಅವರ ಮನೆಯಿಂದಲೇ.

ನನ್ನ ತಕರಾರು ಇರುವುದು ಪೆಟ್ಟಿಗೆಯ ಮೇಲಿನ ಒಂದು ಸಾಲಿನ ಬಗ್ಗೆ. ಅಲೆಕ್ಸಾ ಮತ್ತು ಗೂಗಲ್ ಹೋಮ್ ಜೊತೆ ಕೆಲಸ ಮಾಡುತ್ತದೆ ಎಂದು ಅಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿದೆ. ಮಾಡುತ್ತದೆ, ನಿಜ. ಮಾಡಿಸಿಕೊಳ್ಳಲು ನನಗೆ ಆರು ವಾರ ಬೇಕಾಯಿತು.

ಮೊದಲ ದಿನವೇ ಆ್ಯಪ್ ಮೊಂಡು ಹಿಡಿಯಿತು. ಈ ಕ್ಯಾಮೆರಾ 2.4 ಗಿಗಾಹರ್ಟ್ಸ್ ಅಲೆಯ ವೈಫೈಯನ್ನು ಮಾತ್ರ ಬಲ್ಲದು. ನಮ್ಮ ರೂಟರ್ 2.4 ಮತ್ತು 5 ಎರಡನ್ನೂ ಒಂದೇ ಹೆಸರಿನಲ್ಲಿ ಬಿಡುತ್ತದೆ, ನನ್ನ ಫೋನು 5ಕ್ಕೆ ಅಂಟಿಕೊಂಡು ಕುಳಿತಿತ್ತು. ರೂಟರಿನಲ್ಲಿ ಎರಡಕ್ಕೂ ಬೇರೆ ಬೇರೆ ಹೆಸರಿಟ್ಟು, ಫೋನನ್ನು 2.4ಕ್ಕೆ ತಂದ ಮೇಲೆ ಎರಡು ನಿಮಿಷದ ಕೆಲಸ. 2.4ರ ಅಲೆ ಗೋಡೆ ದಾಟಿ ದೂರ ಹೋಗುವುದರಿಂದ ಗೇಟಿಗೆ ಅದೇ ಸರಿಯೂ ಹೌದು.

ಆಮೇಲೆ ಅಲೆಕ್ಸಾ ಆ್ಯಪಿನಲ್ಲಿ ಕ್ಯಾಮೆರಾ ಕಂಪನಿಯ ಸ್ಕಿಲ್ (ಅಲೆಕ್ಸಾಗೆ ಆ ಕ್ಯಾಮೆರಾದ ಪರಿಚಯ ಮಾಡಿಸುವ ಜೋಡಣೆ) ಹಾಕಿ ಎರಡು ಖಾತೆಗಳನ್ನೂ ಜೋಡಿಸಿದೆ. ಕ್ಯಾಮೆರಾಕ್ಕೆ ಹುಟ್ಟಾ ಬಂದದ್ದು ಒಂದೂವರೆ ಗೇಣಿನ ಮಾಡೆಲ್ ನಂಬರು. ಅದನ್ನು ಅಳಿಸಿ 'ಗೇಟ್' ಎಂದು ನಾಮಕರಣ ಮಾಡಿದೆ. ಹೆಂಡತಿ ಒಗ್ಗರಣೆ ಹಾಕುತ್ತಲೇ 'ಶೋ ಗೇಟ್' ಎಂದಳು, ಗೇಟು ಕಂಡಿತು. ಹತ್ತು ದಿನ ಸುಖವಾಗಿದ್ದೆವು. ಹನ್ನೊಂದನೆಯ ದಿನದಿಂದ ಕ್ಯಾಮೆರಾ ಪ್ರತಿಕ್ರಿಯಿಸುತ್ತಿಲ್ಲ ಎಂಬ ಒಂದೇ ಉತ್ತರ. ನನ್ನ ಫೋನಿನಲ್ಲಿ ಮಾತ್ರ ಬೀದಿನಾಯಿಯ ಬಾಲದವರೆಗೆ ಎಲ್ಲವೂ ಕಾಣುತ್ತಿತ್ತು.

ಕಂಪನಿಯ ಸಹಾಯವಾಣಿಗೆ ಫೋನ್ ಮಾಡಿದೆ. ನಲವತ್ತು ನಿಮಿಷ ಸಂಗೀತ ಕೇಳಿಸಿದ ಮೇಲೆ ಒಬ್ಬರು ಸಿಕ್ಕಿ, "ರೀಸೆಟ್ ಮಾಡಿ ಸರ್" ಎಂದರು. ಏಣಿ ಹತ್ತಿ, ಪಿನ್ನಿನಿಂದ ತೂತಿಗೆ ಚುಚ್ಚಿ ರೀಸೆಟ್ ಮಾಡಿದೆ. ಇದ್ದ ಸೆಟ್ಟಿಂಗೆಲ್ಲ ಹೋಯಿತು, ತೊಂದರೆ ಹಾಗೇ ಉಳಿಯಿತು. ಆಗಿದ್ದೇನೆಂದರೆ, ಮಗಳ ಮಾತು ಕೇಳಿ ನಾನು ಕ್ಯಾಮೆರಾ ಖಾತೆಯ ಪಾಸ್‌ವರ್ಡ್ ಬದಲಿಸಿದ್ದೆ. ಹಳೆಯ ಪಾಸ್‌ವರ್ಡಿನ ಜೊತೆಗೆ ಅಲೆಕ್ಸಾಗೆ ಕೊಟ್ಟಿದ್ದ ಅಪ್ಪಣೆಯೂ ರದ್ದಾಗಿತ್ತು. ಸ್ಕಿಲ್ ತೆಗೆದು ಮತ್ತೆ ಹಾಕಿ, ಹೊಸ ಪಾಸ್‌ವರ್ಡಿನಿಂದ ಖಾತೆ ಜೋಡಿಸಿದರೆ ಮುಗಿಯಿತು. ಏಣಿ ಹತ್ತುವ ಅಗತ್ಯವೇ ಇರಲಿಲ್ಲ. ಫೋನಿನಲ್ಲಿ ಕಂಡು ಪರದೆಯಲ್ಲಿ ಕಾಣದಿದ್ದರೆ ಕ್ಯಾಮೆರಾವನ್ನು ಮುಟ್ಟಬೇಡಿ, ಮೊದಲು ಖಾತೆಯ ಕೊಂಡಿಯನ್ನು ನೋಡಿ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಮಂಡ್ಯದಲ್ಲಿ ಇಂಜಿನಿಯರಿಂಗ್ ಓದುವ ತಂಗಿಯ ಮಗ ಭಾನುವಾರ ಬಂದವನು ಬಸ್ಸಾರು ಮುದ್ದೆ ಉಂಡು, "ಮಾವ, ಎಲ್ಲವನ್ನೂ ಕಂಪನಿಯ ಸರ್ವರ್ ಸುತ್ತಿಸಿ ಯಾಕೆ ತರಬೇಕು? ಮನೆಯೊಳಗೇ ನೋಡಿಕೊಳ್ಳೋಣ" ಎಂದು ನನ್ನ ಹಳೆಯ ಲ್ಯಾಪ್‌ಟಾಪಿಗೆ ಹೋಮ್ ಅಸಿಸ್ಟೆಂಟ್ ಹಾಕಿದ. ಮನೆಯ ಇಂಥ ಸಾಧನಗಳನ್ನೆಲ್ಲ ಒಂದೇ ಕಡೆಯಿಂದ ಆಡಿಸಲು 2013ರಲ್ಲಿ ಶುರುವಾದ ಉಚಿತ ತಂತ್ರಾಂಶ ಅದು. ಅದಕ್ಕೆ ಕ್ಯಾಮೆರಾ ಸಿಗಬೇಕಾದರೆ ಆನ್‌ವಿಫ್ ಎಂಬುದು ತೆರೆದಿರಬೇಕು. ಬೇರೆ ಬೇರೆ ಕಂಪನಿಯ ಕ್ಯಾಮೆರಾಗಳು ಒಂದೇ ಭಾಷೆ ಆಡಲಿ ಎಂದು ಆಕ್ಸಿಸ್, ಬಾಷ್, ಸೋನಿ ಸೇರಿ 2008ರಲ್ಲಿ ಕಟ್ಟಿದ ಏರ್ಪಾಟು ಇದು. ನಮ್ಮ ಕ್ಯಾಮೆರಾದಲ್ಲಿ ಇದೆ, ಆದರೆ ಆ್ಯಪಿನ ನಾಲ್ಕು ಪದರ ಒಳಗೆ, ಆಫ್ ಆಗಿ. ಕೈಪಿಡಿಯಲ್ಲಿ ಒಂದಕ್ಷರವೂ ಇಲ್ಲ. ತೆರೆದ ಮೇಲೂ ಪರದೆ ಕಪ್ಪು, ಸದ್ದು ಮಾತ್ರ. ವಿಡಿಯೋವನ್ನು ಕುಗ್ಗಿಸಿ ಕಳಿಸುವ ವಿಧಾನವನ್ನು ಎಚ್.265ರಿಂದ ಹಳೆಯ ಎಚ್.264ಕ್ಕೆ ಇಳಿಸಿದಾಗ ಬ್ರೌಸರ್ ಒಪ್ಪಿಕೊಂಡಿತು.

ಅವನು ಮಂಡ್ಯ ಸೇರಿದ ಮರುದಿನ ಮಧ್ಯಾಹ್ನ ಕರೆಂಟ್ ಹೋಗಿ ಬಂತು. ಲ್ಯಾಪ್‌ಟಾಪಿನಲ್ಲಿ ಗೇಟಿಲ್ಲ! ಫೋನಿನಲ್ಲಿ ಇದೆ. ನಾನು ಅಂಚೆ ಇಲಾಖೆಯಲ್ಲಿ ಮೂವತ್ತು ವರ್ಷ ಬಟವಾಡೆ ಮಾಡಿದವನು. ಮನುಷ್ಯ ಊರಲ್ಲಿದ್ದಾನೆ, ಬರೆದ ಮನೆಯಲ್ಲಿಲ್ಲ ಎಂದು ನನಗೆ ಅನ್ನಿಸಿದ್ದು ಆಗಲೇ. ವಿಡಿಯೋ ತರಿಸುವ ಆರ್‌ಟಿಎಸ್‌ಪಿ ಕೊಂಡಿಯಲ್ಲಿ ಹುಡುಗ ಕ್ಯಾಮೆರಾಕ್ಕೆ ರೂಟರ್ ಕೊಟ್ಟಿದ್ದ ವಿಳಾಸವನ್ನು ಕೈಯಾರೆ ಬರೆದಿದ್ದ: 192.168.1.7. ರೂಟರಿನ ಪುಟ ತೆರೆದು ನೋಡುತ್ತೇನೆ, ಏಳನೇ ನಂಬರಿನಲ್ಲಿ ಹೆಂಡತಿಯ ಮೊಬೈಲು ಸಂಸಾರ ಹೂಡಿದೆ! ಕ್ಯಾಮೆರಾ ಹನ್ನೆರಡನೇ ನಂಬರಿಗೆ ಮನೆ ಬದಲಿಸಿದೆ. ಕರೆಂಟ್ ಹೋಗಿ ಬಂದಾಗ ರೂಟರ್ ಹಳೆಯದನ್ನು ಮರೆತು, ಮೊದಲು ಎದ್ದು ಬಂದವರಿಗೆ ಮನೆ ಹಂಚಿಬಿಟ್ಟಿದೆ. ಬಾಡಿಗೆದಾರರು ಮನೆ ಬಿಟ್ಟರೆ ಹೊಸ ವಿಳಾಸವನ್ನು ಅಂಚೆ ಕಚೇರಿಗೆ ಬರೆದುಕೊಟ್ಟು ಹೋಗುವಷ್ಟು ಸೌಜನ್ಯ ಈ ಕ್ಯಾಮೆರಾಕ್ಕಿಲ್ಲ.

ಇದಕ್ಕೆ ಪರಿಹಾರ ರೂಟರಿನಲ್ಲೇ ಇದೆ. ಕ್ಯಾಮೆರಾದ ಅಡಿಯ ಚೀಟಿಯಲ್ಲಿ ಆರು ಜೋಡಿ ಅಂಕಿ-ಅಕ್ಷರಗಳ ಮ್ಯಾಕ್ ವಿಳಾಸ ಇರುತ್ತದೆ. ಅದು ಬದಲಾಗದ್ದು. ರೂಟರಿನ ಅಡ್ರೆಸ್ ರಿಸರ್ವೇಶನ್ ಎಂಬಲ್ಲಿ ಅದನ್ನು ಬರೆದು, ಇವನಿಗೆ ಸದಾ ಇದೇ ನಂಬರು ಎಂದು 50ನ್ನು ಕಾಯ್ದಿರಿಸಿದೆ. ಕೊಂಡಿಯಲ್ಲೂ 50 ಎಂದು ತಿದ್ದಿದೆ. ಆಮೇಲೆ ಎಷ್ಟು ಸಲ ಕರೆಂಟ್ ಹೋಯಿತೋ ಲೆಕ್ಕವಿಲ್ಲ, ಗೇಟು ಕಾಣೆಯಾಗಿಲ್ಲ. ಹುಡುಗನಿಗೆ ಫೋನ್ ಮಾಡಿ ಹೇಳಿದಾಗ, "ಮಾವ, ಅದನ್ನು ನಾನೇ ಮಾಡಬೇಕಿತ್ತು" ಎಂದ. ಸದ್ಯ, ಒಪ್ಪಿಕೊಂಡ.

ಐದರಲ್ಲಿ ಮೂರು ನಕ್ಷತ್ರ ಕೊಡುತ್ತೇನೆ. ಒಂದನ್ನು ಕಡಿದದ್ದು ಆನ್‌ವಿಫ್ ಬಚ್ಚಿಟ್ಟಿದ್ದಕ್ಕೆ, ಇನ್ನೊಂದನ್ನು ನನ್ನನ್ನು ಏಣಿ ಹತ್ತಿಸಿದ ಸಹಾಯವಾಣಿಗೆ. ಅಡುಗೆಮನೆಯ ಪರದೆಯಲ್ಲಿ ಚಿತ್ರ ಮೂಡಲು ನಾಲ್ಕೈದು ಸೆಕೆಂಡು ಹಿಡಿಯುತ್ತದೆ, ಅದನ್ನು ನಾನು ದೂರಾಗಿ ಎಣಿಸಿಲ್ಲ. ಹೆಂಡತಿ ಎಣಿಸಿದ್ದಾಳೆ. "ಅದು ತೋರಿಸುವಷ್ಟರಲ್ಲಿ ನಾನೇ ನೋಡಿಕೊಂಡು ಬರುತ್ತೇನೆ ರೀ" ಎಂದು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಇವತ್ತು ಬೆಳಿಗ್ಗೆಯೂ ಗೇಟಿಗೆ ಹೋದಳು.