ಪ್ರಾಯೋಗಿಕ ವಕೀಲಿ ತರಬೇತಿಗೆ ಹಣ ಕಟ್ಟುವ ಮುನ್ನ: ರಾಯಚೂರಿನ ಕಾನೂನು ವಿದ್ಯಾರ್ಥಿಗಳ ಗಮನಕ್ಕೆ

ರಾಯಚೂರಿನಲ್ಲಿ ಕಾನೂನು ಓದುತ್ತಿರುವವರ ಮೊಬೈಲಿಗೆ, ಅದರಲ್ಲೂ ಸಿಂಧನೂರು, ಮಾನ್ವಿ, ಲಿಂಗಸುಗೂರು ಕಡೆಯಿಂದ ಬಂದು ಹಾಸ್ಟೆಲಿನಲ್ಲಿ ಇರುವವರಿಗೆ, ಈಗ ಮತ್ತೆ ಆ ಸಂದೇಶ ಬರತೊಡಗಿದೆ: ವಾರಾಂತ್ಯದ ಪ್ರಾಯೋಗಿಕ ತರಬೇತಿ, ದಾವೆ ಬರೆಯುವುದರಿಂದ ಪಾಟೀ ಸವಾಲಿನವರೆಗೆ ಎಲ್ಲವೂ, ಕೊನೆಗೆ ಕಾಲೇಜು ಒಪ್ಪುವ ಇಂಟರ್ನ್‌ಶಿಪ್ ಪ್ರಮಾಣಪತ್ರ. ಕಳೆದ ವರ್ಷ ಇದೇ ಭರವಸೆಯ ಮೇಲೆ ನಾನು ಮತ್ತು ನನ್ನ ಕೆಲವು ಸಹಪಾಠಿಗಳು ತಲಾ 9,500 ರೂಪಾಯಿ ಕಟ್ಟಿದೆವು. ನಡೆಸುವವರ ಹೆಸರನ್ನು ಇಲ್ಲಿ ಬರೆಯುತ್ತಿಲ್ಲ. ಇಂಥವರು ಹೆಸರು ಬದಲಿಸಿಕೊಂಡು ಮತ್ತೆ ಬರುವುದರಿಂದ ಅವರು ನಡೆಸುವ ರೀತಿಯನ್ನು ಗುರುತಿಟ್ಟುಕೊಳ್ಳುವುದೇ ಹೆಚ್ಚು ಉಪಯೋಗದ್ದು.

ಇಂಥ ತರಬೇತಿಗೆ ಬೇಡಿಕೆ ಇರುವುದು ಸಹಜವೇ ಆಗಿದೆ. ಭಾರತೀಯ ವಕೀಲರ ಪರಿಷತ್ತಿನ 2008ರ ಕಾನೂನು ಶಿಕ್ಷಣ ನಿಯಮಗಳು ನಾಲ್ಕು ಪ್ರಾಯೋಗಿಕ ಪತ್ರಿಕೆಗಳನ್ನು ಕಡ್ಡಾಯ ಮಾಡಿವೆ. ಕರಡು ರಚನೆಯ ಪತ್ರಿಕೆಯೊಂದರಲ್ಲೇ ವಾದಪತ್ರ (ದಾವೆ ಹೂಡಲು ಸಲ್ಲಿಸುವ ಬರಹ), ಅರ್ಜಿ ಮೊದಲಾದವುಗಳ 15 ಅಭ್ಯಾಸಗಳೂ ಕ್ರಯಪತ್ರ, ಅಡಮಾನಪತ್ರ ಮೊದಲಾದವುಗಳ 15 ಅಭ್ಯಾಸಗಳೂ ಇವೆ. ಇದರ ಜೊತೆಗೆ ಅಣಕು ನ್ಯಾಯಾಲಯ, ಒಂದು ಸಿವಿಲ್ ಮತ್ತು ಒಂದು ಕ್ರಿಮಿನಲ್ ಪ್ರಕರಣದ ವಿಚಾರಣೆಯ ವೀಕ್ಷಣೆ, ಮೂರು ವರ್ಷದ ಕೋರ್ಸಿನವರಿಗೆ ಕನಿಷ್ಠ 12 ವಾರ ಮತ್ತು ಐದು ವರ್ಷದವರಿಗೆ 20 ವಾರಗಳ ಇಂಟರ್ನ್‌ಶಿಪ್ ಸೇರುತ್ತವೆ. ಇವೆಲ್ಲವನ್ನೂ ಕಾಲೇಜಿನಲ್ಲಿ ಕೂರಿಸಿಕೊಂಡು ಕಲಿಸುವವರು ಸಿಗದಿದ್ದಾಗ ವಿದ್ಯಾರ್ಥಿಗಳು ಹೊರಗೆ ಹುಡುಕುತ್ತಾರೆ. ಆ ಹುಡುಕಾಟವನ್ನೇ ಇವರು ಬಂಡವಾಳ ಮಾಡಿಕೊಂಡಿದ್ದಾರೆ.

ತರಗತಿ ನಡೆದದ್ದು ಬಾಡಿಗೆ ಕೋಣೆಯೊಂದರಲ್ಲಿ. ಕಲಬುರಗಿ ಹೈಕೋರ್ಟ್ ಪೀಠದಲ್ಲಿ ವಕೀಲಿ ಮಾಡುತ್ತೇನೆಂದು ಹೇಳಿಕೊಂಡವರು ಪರದೆಯ ಮೇಲೆ ಮಾದರಿ ಕರಡುಗಳನ್ನು ತೋರಿಸುತ್ತಿದ್ದರು, ನಾವು ನೋಡಿ ಬರೆದುಕೊಳ್ಳುತ್ತಿದ್ದೆವು. ಅಭ್ಯಾಸಕ್ಕೆಂದು ನನ್ನ ಸಹಪಾಠಿಯೊಬ್ಬಳು ಮಾನ್ವಿ ತಾಲ್ಲೂಕಿನ ಪಿತ್ರಾರ್ಜಿತ ಜಮೀನಿನಲ್ಲಿ ಪಾಲು ಕೇಳುವ ವಾದಪತ್ರವನ್ನು ತಾನೇ ಬರೆದು ಕೊಟ್ಟಳು. ಅದು ಕೆಂಪು ಶಾಯಿಯ ಒಂದು ಗೀಟು ಮತ್ತು ಹತ್ತಕ್ಕೆ ಒಂಬತ್ತು ಅಂಕಗಳೊಂದಿಗೆ ಹಿಂದಿರುಗಿತು. ಒಳಗಿನ ಪುಟಗಳಲ್ಲಿ ಒಂದು ಅಕ್ಷರವನ್ನೂ ಯಾರೂ ಮುಟ್ಟಿರಲಿಲ್ಲ.

ಅದೇ ಹಾಳೆಗಳನ್ನು ಅವಳು ಜಿಲ್ಲಾ ನ್ಯಾಯಾಲಯದ ಹಿರಿಯ ವಕೀಲರೊಬ್ಬರಿಗೆ ತೋರಿಸಿದಾಗ ನಾನು ಪಕ್ಕದಲ್ಲೇ ಇದ್ದೆ. ಅವರು ಪೆನ್ಸಿಲ್ ಹಿಡಿದು ಎರಡನೆಯ ಪುಟಕ್ಕೇ ನಿಂತರು. "ವ್ಯಾಜ್ಯಕಾರಣ ಯಾವಾಗ ಹುಟ್ಟಿತು ಅಂತ ಎಲ್ಲಿ ಬರದೀ ತಂಗಿ? ಶಿರಸ್ತೇದಾರ್ರು ಇದನ್ನ ತಗೊಳಂಗಿಲ್ಲ" ಎಂದರು. ಸಿವಿಲ್ ಪ್ರಕ್ರಿಯಾ ಸಂಹಿತೆಯ 7ನೇ ಆದೇಶದ 11ನೇ ನಿಯಮದಂತೆ ವ್ಯಾಜ್ಯಕಾರಣ, ಅಂದರೆ ದಾವೆ ಹೂಡುವ ಹಕ್ಕು ಹುಟ್ಟಿಸಿದ ಸಂಗತಿ, ಕಾಣಿಸದ ವಾದಪತ್ರವನ್ನು ನ್ಯಾಯಾಲಯ ತಿರಸ್ಕರಿಸಬೇಕಾಗುತ್ತದೆ. ಜಮೀನಿನ ವಿವರ ಕೊಡುವ ಶೆಡ್ಯೂಲಿನಲ್ಲಿ ಸರ್ವೆ ನಂಬರು ಇತ್ತೇ ಹೊರತು ಚಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿಯ ವಿವರ) ಇರಲಿಲ್ಲ, ದಾವೆಯ ಮೌಲ್ಯ ಮತ್ತು ನ್ಯಾಯಾಲಯ ಶುಲ್ಕದ ಪ್ಯಾರಾ ಇರಲಿಲ್ಲ, ಬರೆದದ್ದು ನಿಜವೆಂದು ಸಹಿ ಮಾಡುವ ಕೊನೆಯ ಸತ್ಯಾಪನೆಯೂ ಇರಲಿಲ್ಲ. ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ನಮ್ಮ ಭಾಗದ ಜಮೀನು ವ್ಯಾಜ್ಯಗಳಲ್ಲಿ 1954-55ರ ಖಾಸ್ರಾ ಪಹಣಿ ಎಂಬ ಹಳೆಯ ಜಮೀನು ದಾಖಲೆಯನ್ನು ಏಕೆ ತೆಗೆಸಿ ನೋಡಬೇಕೆಂಬುದನ್ನೂ ಅವರು ವಿವರಿಸಿದರು. ಆ ತರಬೇತಿಯಲ್ಲಿ ಖಾಸ್ರಾ ಪಹಣಿಯ ಹೆಸರೂ ನಮ್ಮ ಕಿವಿಗೆ ಬಿದ್ದಿರಲಿಲ್ಲ. ಬರೆದದ್ದನ್ನು ಸಾಲು ಸಾಲಾಗಿ ಓದಿ ತಿದ್ದುವವರಿಲ್ಲದಿದ್ದರೆ ಅದನ್ನು ಪ್ರಾಯೋಗಿಕ ತರಬೇತಿ ಎಂದು ಕರೆಯುವುದೇ ತಪ್ಪು ಎಂದು ನನಗೆ ಮನವರಿಕೆಯಾದದ್ದು ಅಂದು.

ಕೊಟ್ಟ ಟಿಪ್ಪಣಿಗಳು ಇನ್ನೂ ಅಪಾಯಕಾರಿಯಾಗಿದ್ದವು. ಚೆಕ್ ಅಮಾನ್ಯವಾದರೆ 15 ದಿನದೊಳಗೆ ನೋಟಿಸ್ ಕೊಡಬೇಕೆಂದು ಅದರಲ್ಲಿತ್ತು. ಬ್ಯಾಂಕಿನಿಂದ ಮಾಹಿತಿ ಬಂದ ಮೇಲೆ ನೋಟಿಸ್ ಕೊಡಲು 30 ದಿನಗಳ ಅವಕಾಶವಿರುವುದು 2002ರ ತಿದ್ದುಪಡಿಯಿಂದ, ಅಂದರೆ ಆ ಪುಟ ಇಪ್ಪತ್ತು ವರ್ಷಕ್ಕೂ ಹಳೆಯ ಪ್ರತಿಯ ಜೆರಾಕ್ಸ್. ಜಾಮೀನು ಅರ್ಜಿಯ ಮಾದರಿಯಲ್ಲಿ ದಂಡ ಪ್ರಕ್ರಿಯಾ ಸಂಹಿತೆಯ 439ನೇ ಕಲಮೇ ಉಳಿದಿತ್ತು. ಅದರ ಬದಲಿಗೆ 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದ್ದು, ಆ ಅರ್ಜಿ ಈಗ 483ನೇ ಕಲಮಿನ ಅಡಿಯಲ್ಲಿ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ನೋವಾದದ್ದು ಇಂಟರ್ನ್‌ಶಿಪ್ ವಿಷಯದಲ್ಲಿ. ಯಾವ ವಕೀಲರ ಕಚೇರಿಗೂ ನಮ್ಮನ್ನು ಕಳಿಸಲಿಲ್ಲ. ಕೊನೆಯ ವಾರ ಮೊದಲೇ ಬರೆದಿಟ್ಟ ದಿನಚರಿಯ ಪ್ರತಿಗಳನ್ನು ಹಂಚಿ, ನಮ್ಮ ಕೈಬರಹದಲ್ಲಿ ನಕಲು ಮಾಡಿಕೊಳ್ಳಲು ಹೇಳಿದರು. ಎಲ್ಲರ ದಿನಚರಿಯಲ್ಲೂ ಅದೇ ಕಕ್ಷಿದಾರ, ಅದೇ ಪ್ರಕರಣ. ಪ್ರಮಾಣಪತ್ರದಲ್ಲಿದ್ದ ದಿನಾಂಕಗಳ ಪೈಕಿ ಕೆಲವು ನಾವು ಸೆಮಿಸ್ಟರ್ ಪರೀಕ್ಷೆ ಬರೆದ ದಿನಗಳಾಗಿದ್ದವು. ನಾವು ನಕಲು ಮಾಡಲು ಒಪ್ಪಲಿಲ್ಲ. ಒಪ್ಪಿ ಸಲ್ಲಿಸಿದವರನ್ನು ಕಾಲೇಜಿನ ಮೌಖಿಕ ಪರೀಕ್ಷೆಯಲ್ಲಿ ನಿಲ್ಲಿಸಿ ಕೇಳಿದರು, ದಿನಚರಿಯನ್ನು ತಿರಸ್ಕರಿಸಿದರು. ನಾಳೆ ಪ್ರಮಾಣ ಮಾಡಿಸಿ ಸಾಕ್ಷಿ ನುಡಿಸಬೇಕಾದವರ ಕೈಯಿಂದ ಮೊದಲ ಸುಳ್ಳು ದಾಖಲೆ ಬರೆಸುವುದನ್ನು ನಾನು ಸಣ್ಣ ತಪ್ಪೆಂದು ಎಣಿಸಲಾರೆ.

ಆದ್ದರಿಂದ ಯಾರೇ ಇಂಥ ತರಬೇತಿಗೆ ಕರೆದರೂ, ಹಿಂದಿನ ವಿದ್ಯಾರ್ಥಿ ಬರೆದು ಅವರು ತಿದ್ದಿದ ಒಂದು ಕರಡು ಪ್ರತಿಯನ್ನು ತೋರಿಸುವಂತೆ ಕೇಳಿರಿ. ಕಲಿಸುವವರ ನೋಂದಣಿ ಸಂಖ್ಯೆಯನ್ನು ಕೇಳಿರಿ, ಇ-ಕೋರ್ಟ್ಸ್ ಜಾಲತಾಣದಲ್ಲಿ ವಕೀಲರ ಹೆಸರಿನಿಂದ ಹುಡುಕಿದರೆ ಅವರು ನಡೆಸುತ್ತಿರುವ ಪ್ರಕರಣಗಳು ಹಣ ಕೊಡದೆಯೇ ಕಾಣುತ್ತವೆ. ಇಂಟರ್ನ್‌ಶಿಪ್ ಯಾವ ಕಚೇರಿಯಲ್ಲೆಂದು ಬರವಣಿಗೆಯಲ್ಲಿ ಪಡೆದು, ಮೊದಲು ನಿಮ್ಮ ಕಾಲೇಜಿನ ಪ್ರಾಧ್ಯಾಪಕರಿಗೆ ತೋರಿಸಿರಿ. ನ್ಯಾಯಾಲಯದ ಆವರಣದಲ್ಲೇ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ. ಕಾಲೇಜಿನ ಪತ್ರದೊಂದಿಗೆ ಅಲ್ಲಿ ವಿಚಾರಿಸಬಹುದು, ಲೋಕ ಅದಾಲತ್ ಹೇಗೆ ನಡೆಯುತ್ತದೆಂದು ಕೂತು ನೋಡಬಹುದು. ಸಾಮಾನ್ಯವಾಗಿ ವಿಚಾರಣೆಗಳು ತೆರೆದ ನ್ಯಾಯಾಲಯದಲ್ಲೇ ನಡೆಯುವುದರಿಂದ, ಹಿಂದಿನ ಬೆಂಚಿನಲ್ಲಿ ಶಾಂತವಾಗಿ ಕೂತು ಪಾಟೀ ಸವಾಲು ಕೇಳುವುದಕ್ಕೆ ಯಾರಿಗೂ ಶುಲ್ಕ ಕೊಡಬೇಕಿಲ್ಲ.

ಹಣ ವಾಪಸು ಕೇಳಿದಾಗ ಅವರು ರಸೀದಿಯನ್ನು ನೋಡಲು ಹೇಳಿದರು. ಅದರಲ್ಲಿ "ಅಧ್ಯಯನ ಸಾಮಗ್ರಿ ಬಾಬತ್ತು" ಎಂದಿತ್ತು, ತರಬೇತಿಯ ಮಾತೇ ಇರಲಿಲ್ಲ. ಹಣ ಹೋದದ್ದೂ ವೈಯಕ್ತಿಕ ಫೋನ್‌ಪೇ ಸಂಖ್ಯೆಗೆ. ಆದರೂ ಭರವಸೆ ನೀಡಿದ್ದ ವಾಟ್ಸಾಪ್ ಸಂದೇಶಗಳು ನಮ್ಮ ಬಳಿ ಇದ್ದುದರಿಂದ, ನೋಟಿಸ್ ಕಳಿಸಿ, ಉತ್ತರ ಬಾರದೆ ಹೋದಾಗ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಸಲ್ಲಿಸಿದ್ದೇವೆ. ಅದು ವಿಚಾರಣೆಯಲ್ಲಿದೆ. ಗ್ರಾಹಕ ಸಂರಕ್ಷಣಾ ಅಧಿನಿಯಮ, 2019ರಂತೆ ದೂರಿಗೆ ಕಾರಣವಾದ ದಿನದಿಂದ ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು, ಐದು ಲಕ್ಷದವರೆಗಿನ ಮೊತ್ತಕ್ಕೆ ಶುಲ್ಕವಿಲ್ಲ. ಈಗಾಗಲೇ ಹಣ ಕಟ್ಟಿರುವವರು ರಸೀದಿ, ಪಾವತಿಯ ವಿವರ ಮತ್ತು ಸಂದೇಶಗಳನ್ನು ಅಳಿಸದೆ ಇಟ್ಟುಕೊಳ್ಳಿರಿ, ಕೊಟ್ಟ ದಿನಚರಿಗೆ ಸಹಿ ಹಾಕಬೇಡಿರಿ.