ಬ್ಯಾಕಿಂಗ್ ಟ್ರ್ಯಾಕ್ ಹಾಕುವ ಮೊದಲು ಅದರಲ್ಲಿ ಬೇಸ್ ಇದೆಯಾ ನೋಡ್ಕೊಳ್ಳಿ

ಬೇಸ್ ಗಿಟಾರ್ ಹೊಸದಾಗಿ ಕಲಿಯುತ್ತಿದ್ದೀರಾ? ಸ್ವಂತ ಲೈನ್ ಕಟ್ಟಿ ನುಡಿಸೋಕೆ ಬ್ಯಾಕಿಂಗ್ ಟ್ರ್ಯಾಕ್, ಅಂದರೆ ಜೊತೆಗೆ ನುಡಿಸಲೆಂದು ಬೇರೆ ವಾದ್ಯಗಳನ್ನು ಮೊದಲೇ ರೆಕಾರ್ಡ್ ಮಾಡಿಟ್ಟದ್ದು, ಹುಡುಕುತ್ತಿದ್ದೀರಾ? ಹಾಗಿದ್ದರೆ ನನ್ನ ಪೆದ್ದುತನ ಕೇಳಿ. ನಾಲ್ಕು ತಿಂಗಳು ಬೇರೆ ಯಾರದೋ ಬೇಸ್ ಕೇಳಿ, ನಾನೇ ಇಷ್ಟು ಚೆನ್ನಾಗಿ ನುಡಿಸ್ತಿದ್ದೀನಿ ಅಂದುಕೊಂಡಿದ್ದೆ.

ಆನ್‌ಲೈನ್‌ನಲ್ಲಿ 'ಎ ಬ್ಲೂಸ್ ಬ್ಯಾಕಿಂಗ್ ಟ್ರ್ಯಾಕ್' (ಎ ಅನ್ನೋದು ಶ್ರುತಿಯ ಹೆಸರು) ಅಂತ ಹುಡುಕಿದರೆ ರಾಶಿ ರಾಶಿ ಸಿಗುತ್ತದೆ. ಫೋನ್ ಸ್ಪೀಕರ್‌ನಲ್ಲಿ ಒಂದೊಂದೇ ಕೇಳಿ ನೋಡಿದೆ. ಒಂದರಲ್ಲಿ ಡ್ರಮ್ಸ್, ಗಿಟಾರ್ ಕಾರ್ಡ್ಸ್ ಮಾತ್ರ ಕೇಳಿಸಿತು. ಇದೇ ಸರಿ ಅಂತ ಇಳಿಸಿಕೊಂಡೆ. ಬೇಸ್‌ನ ದಪ್ಪ ತಂತಿ ಖಾಲಿ ಮೀಟಿದರೆ ಹೊರಡುವುದು ಸುಮಾರು 41 ಹರ್ಟ್ಜ್, ಅದರ ಪಕ್ಕದ ಎ ತಂತಿಯದ್ದು 55. ಫೋನಿನ ಪುಟ್ಟ ಸ್ಪೀಕರ್‌ಗೆ ಅಷ್ಟು ಕೆಳಗಿನ ನಾದ ಹೊರಡಿಸುವ ತಾಕತ್ತೇ ಇಲ್ಲ. ಅಲ್ಲಿ ಬೇಸ್ ಇತ್ತು, ನನಗೆ ಕೇಳಿಸಲಿಲ್ಲ ಅಷ್ಟೆ.

ಪ್ರಾಕ್ಟೀಸ್ ಮಾಡ್ತಿದ್ದದ್ದು ಹೆಡ್‌ಫೋನ್‌ನಲ್ಲಿ. ಟ್ರ್ಯಾಕು, ನನ್ನ ಬೇಸು ಎರಡೂ ಒಟ್ಟಿಗೆ ಕಿವಿಗೆ. ಆಹಾ, ಏನು ತುಂಬಿದ ನಾದ! ಒಂದು ದಿನ ನುಡಿಸುತ್ತಿರುವಾಗ ನನ್ನ ಬೇಸ್‌ನ ಕೇಬಲ್ ಕಾಲಿಗೆ ಸಿಕ್ಕಿ ಕಿತ್ತು ಬಂತು. ನನ್ನ ಕೈ ನಿಂತಿತು. ಬೇಸ್ ನಿಲ್ಲಲಿಲ್ಲ! ಆರಾಮಾಗಿ ಡಿ ಕಾರ್ಡ್‌ಗೆ ಹೋಯಿತು, ಎಗೆ ವಾಪಸ್ ಬಂತು. ನಾನು ಕೇಬಲ್ ಕೈಯಲ್ಲಿ ಹಿಡಿದು ಕೂತಿದ್ದೆ.

ಆಮೇಲೆ ನನ್ನ ಬೇಸ್ ಒಂದನ್ನೇ ರೆಕಾರ್ಡ್ ಮಾಡಿ ಕೇಳಿದೆ. ಹನ್ನೆರಡು ಬಾರ್ (ಬಾರ್ ಅಂದರೆ ನಾಲ್ಕು ಬೀಟ್‌ನ ಒಂದು ಅಳತೆ) ಬ್ಲೂಸ್‌ನಲ್ಲಿ ಮೊದಲ ನಾಲ್ಕು ಬಾರ್ ಎ, ಐದನೆಯದಕ್ಕೆ ಡಿ ಬರಬೇಕು ಅಲ್ವಾ? ಪ್ರತಿ ಸುತ್ತಿನಲ್ಲೂ ನಾನು ಅರ್ಧ ಬೀಟ್ ತಡವಾಗಿ ಡಿಗೆ ಇಳಿಯುತ್ತಿದ್ದೆ. ಟ್ರ್ಯಾಕ್‌ನಲ್ಲಿ ಬೇಸ್ ನುಡಿಸಿದ ಆ ಪುಣ್ಯಾತ್ಮ ಸರಿಯಾಗಿ ಇಳಿಯುತ್ತಿದ್ದರಿಂದ ನನ್ನ ತಡ ಮುಚ್ಚಿಹೋಗಿತ್ತು.

ಇಂಥ ಟ್ರ್ಯಾಕ್‌ಗಳು ಜಾಸ್ತಿ ಇರುವುದು ಲೀಡ್ ಗಿಟಾರ್‌ನವರಿಗಾಗಿ. ಅವರಿಗೆ ಬೇಸ್ ಬೇಕೇ ಬೇಕು, ತಪ್ಪು ಅವರದಲ್ಲ. ಆದರೆ ದುಡ್ಡು ಕೊಟ್ಟು ತಗೊಂಡ 'ಬೇಸ್ ಪ್ರಾಕ್ಟೀಸ್' ಟ್ರ್ಯಾಕ್‌ಗಳ ಕಟ್ಟಿನಲ್ಲೂ ಅರ್ಧಕ್ಕರ್ಧ ಹೀಗೇ ಇತ್ತು, ಅದು ಮಾತ್ರ ಉರಿಸಿತು. ಸಾಫ್ಟ್‌ವೇರ್‌ನಲ್ಲಿ ಬೇಸ್ ತೆಗೆಸಿಯೂ ನೋಡಿದೆ. ಬೇಸ್ ಜೊತೆ ಕಿಕ್ ಡ್ರಮ್‌ನ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್) ಜೀವವೂ ಹೋಯಿತು. ನಾವು ಆತುಕೊಳ್ಳಬೇಕಾದದ್ದೇ ಆ ಕಿಕ್.

ಇನ್ನೊಂದು ಕಿರಿಕಿರಿ, ಶ್ರುತಿ. ಒಂದು ಟ್ರ್ಯಾಕ್ ಜೊತೆ ಎಷ್ಟು ನುಡಿಸಿದರೂ ಹೊಂದುತ್ತಿರಲಿಲ್ಲ. ಬೇಸೇ ಕೆಟ್ಟಿದೆ ಅಂತ ತಂತಿ ಬಿಗಿಸುವ ಕೀ ತಿರುಗಿಸಿದ್ದೇ ತಿರುಗಿಸಿದ್ದು. ಕೊನೆಗೆ ನೋಡಿದರೆ ಟ್ರ್ಯಾಕನ್ನೇ ಯಾರೋ ಚೂರು ವೇಗ ಮಾಡಿದ್ದರು. ಟೇಪ್ ಓಡಿಸಿದ ಹಾಗೆ ಬರೀ 3% ವೇಗ ಏರಿಸಿದರೂ ಸಾಕು, ಶ್ರುತಿ ಸುಮಾರು ಅರ್ಧ ಸೆಮಿಟೋನ್ (ಸೆಮಿಟೋನ್ ಅಂದರೆ ಗಿಟಾರ್‌ನಲ್ಲಿ ಒಂದು ಮನೆಯ ಅಂತರ) ಮೇಲೆ ಹೋಗುತ್ತದೆ. ಟ್ಯೂನರ್ ಸರಿ ಅಂದಮೇಲೆ ಕೀ ಮುಟ್ಟಬೇಡಿ, ಟ್ರ್ಯಾಕ್ ಬದಲಾಯಿಸಿ.

ಈಗ ಹುಡುಕುವಾಗ 'ಬೇಸ್‌ಲೆಸ್', 'ನೋ ಬೇಸ್' ಅಂತ ಸೇರಿಸುತ್ತೇನೆ. ಸಿಕ್ಕಿದ್ದನ್ನು ಹೆಡ್‌ಫೋನ್ ಹಾಕಿ, ಕೈ ಕಟ್ಟಿ ಕೂತು ಒಂದು ಸುತ್ತು ಪೂರ್ತಿ ಕೇಳುತ್ತೇನೆ. ಕೆಳಗಿನ ನಾದದಲ್ಲಿ ಯಾರೋ ಬೇಸ್ ನುಡಿಸುತ್ತಾ ನಡೆದಾಡುತ್ತಿದ್ದರೆ ಅಲ್ಲೇ ಬಿಡುತ್ತೇನೆ. ಐರಿಯಲ್ ಪ್ರೊ ಥರದ, ಕಾರ್ಡ್ಸ್ ನೋಡಿ ತಾನೇ ವಾದ್ಯಗಳನ್ನು ನುಡಿಸುವ ಆ್ಯಪ್ ಇದ್ದರೆ ಇನ್ನೂ ಸುಲಭ. ಬೇಸ್ ಸದ್ದು ಮಾತ್ರ ಸೊನ್ನೆಗೆ ಇಳಿಸಿ, ಟೆಂಪೋ ನಿಮಿಷಕ್ಕೆ 70 ಬೀಟ್‌ಗೆ ಇಡಬಹುದು. ಹಳಬರು ಈ ವಿಷಯದಲ್ಲಿ ಜಾಣರು. 1967ರಲ್ಲಿ ಶುರುವಾದ ಜೇಮಿ ಏಬರ್‌ಸೋಲ್ಡ್ ಅವರ ಜಾಝ್ ಪ್ರಾಕ್ಟೀಸ್ ರೆಕಾರ್ಡ್‌ಗಳಲ್ಲಿ ಬಹುತೇಕ ಬೇಸ್ ಒಂದು ಕಡೆಯ ಸ್ಪೀಕರ್‌ನಲ್ಲಿ, ಪಿಯಾನೋ ಇನ್ನೊಂದು ಕಡೆಯದರಲ್ಲಿ. ಬ್ಯಾಲೆನ್ಸ್ ತಿರುಗಿಸಿದರೆ ಬೇಸ್ ಮಾಯ.

ಬೇಸ್ ಇಲ್ಲದ ಟ್ರ್ಯಾಕ್ ಜೊತೆ ಮೊದಲ ವಾರ ಏನೂ ಚೆನ್ನಾಗಿ ಕೇಳಿಸಲಿಲ್ಲ, ಬರೀ ತೂತು. ಐದನೇ ಬಾರ್‌ಗೆ ಈಗಲೂ ಒಮ್ಮೊಮ್ಮೆ ತಡವಾಗಿಯೇ ಹೋಗುತ್ತೇನೆ. ಆದರೆ ತಡವಾದದ್ದು ಕಿವಿಗೆ ಚುಚ್ಚುತ್ತದೆ.