ಭರಣಿ ಮಳೆಯ ದಿನಗಳಲ್ಲಿ ಮಧ್ಯಾಹ್ನ ಮುಳ್ಳಯ್ಯನಗಿರಿ ಹತ್ತಬೇಡಿ

‘ಆರಿದ ಅಗ್ನಿಪರ್ವತದ ತುದಿಗೆ ಒಂದು ದಿನದ ಚಾರಣ’ ಎಂಬ ಜಾಹೀರಾತು ಈ ವಾರ ಮತ್ತೆ ನನ್ನ ವಾಟ್ಸಾಪ್‌ಗೆ ಬಂದಿದೆ. ಕಳೆದ ವರ್ಷ ಇದೇ ಜಾಹೀರಾತನ್ನು ನಂಬಿ ಹಾಸನದಿಂದ ಹೊರಟ ನಾವು ಆರು ಜನ ಸ್ನೇಹಿತರು, ಸಂಜೆ ನಮ್ಮಲ್ಲೊಬ್ಬನನ್ನು ಹೊತ್ತುಕೊಂಡು ಬೆಟ್ಟ ಇಳಿಯಬೇಕಾಯಿತು. ಈ ಸಲವೂ ಹತ್ತಲು ಆರಂಭಿಸುವ ಸಮಯ ಬೆಳಿಗ್ಗೆ 11 ಗಂಟೆ ಎಂದೇ ಹಾಕಿದ್ದಾರೆ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಬರೆಯುತ್ತಿದ್ದೇನೆ.

ಮೊದಲಿಗೆ, ಮುಳ್ಳಯ್ಯನಗಿರಿ ಅಗ್ನಿಪರ್ವತವಲ್ಲ. ಚಂದ್ರದ್ರೋಣ ಶ್ರೇಣಿ ಕುದುರೆಯ ಲಾಳದಂತೆ ಬಾಗಿ ಜಾಗರ ಕಣಿವೆಯನ್ನು ಸುತ್ತುವರಿದಿರುವುದರಿಂದ ನೋಡಿದವರಿಗೆ ಹಾಗೆ ಅನ್ನಿಸಬಹುದು. ಇಲ್ಲಿನ ಕಲ್ಲಿನಲ್ಲಿ 250 ಕೋಟಿ ವರ್ಷಗಳಿಗೂ ಹಿಂದೆ ಹರಿದು ಗಟ್ಟಿಯಾದ ಲಾವಾದ ಪದರಗಳಿರುವುದೂ ನಿಜ. ಆದರೆ ಈ ಆಕಾರ ಬಂದಿರುವುದು ಆ ಪದರಗಳು ಮಡಿಚಿಕೊಂಡು ಸವೆದದ್ದರಿಂದ. ಈ ಬೆಟ್ಟದಲ್ಲಿ ಅಪಾಯವಿರುವುದು ನೆಲದ ಕೆಳಗಲ್ಲ, ತಲೆಯ ಮೇಲೆ.

ಅಂದು ಏಪ್ರಿಲ್ ಕೊನೆಯ ಭಾನುವಾರ. ಆಯೋಜಕರ ಗಾಡಿ ತಡವಾಗಿ ಬಂದು, ಬೇಲೂರಿನಲ್ಲಿ ತಿಂಡಿಗೆ ನಿಂತು, ತುದಿಗೆ ಹತ್ತುವ ಕಾಲುದಾರಿಯಾದ ಸರ್ಪದಾರಿಯ ಬುಡ ತಲುಪಿದಾಗ 11 ಗಂಟೆ ದಾಟಿತ್ತು. ತೋಟದ ಕೆಲಸಕ್ಕೆ ಹೊರಟಿದ್ದ ಹಿರಿಯರೊಬ್ಬರು ನಮ್ಮನ್ನು ನೋಡಿ, “ಭರಣಿ ಹುಟ್ಟಿದೆ, ಮಧ್ಯಾಹ್ನದ ಮೇಲೆ ಗುಡ್ಡದ ಮೇಲಿರಬೇಡಿ” ಎಂದರು. ಮಾರ್ಗದರ್ಶಿ ಎಂದು ಬಂದಿದ್ದ ಯುವಕ ಆಕಾಶ ತೋರಿಸಿ, ಒಂದು ಮೋಡವೂ ಇಲ್ಲ ಎಂದ. ಆಗ ಇರಲಿಲ್ಲ ಎಂಬುದು ನಿಜವೇ. ಅಶ್ವಿನಿ, ಭರಣಿಯ ದಿನಗಳಲ್ಲಿ ಬೆಳಗಿನ ಬಿಸಿಲಿಗೆ ನೆಲ ಕಾದು, ಕಡಲ ಕಡೆಯಿಂದ ಬಂದ ತೇವದ ಗಾಳಿ ಬೆಟ್ಟದ ಇಳಿಜಾರಿನಲ್ಲಿ ಮೇಲೇರಿ, ಮಧ್ಯಾಹ್ನದ ಹೊತ್ತಿಗೆ ಗುಡುಗುಮೋಡವಾಗಿ ನಿಲ್ಲುತ್ತದೆ. ಕಾಫಿ ತೋಟದವರು ದಿನವೆಣಿಸಿ ಕಾಯುವ ಮಳೆ ಬರುವುದೇ ಹೀಗೆ. ಅದನ್ನು ವರ್ಷಾವರ್ಷ ಕಂಡವರ ಮಾತನ್ನು ನಾವು ಕೇಳಲಿಲ್ಲ.

ಸರ್ಪದಾರಿ ಬಹುಪಾಲು ಬರಿಯ ಹುಲ್ಲುಗಾವಲಿನ ಏಣಿನ ಮೇಲೆಯೇ ಸಾಗುತ್ತದೆ. ಶೋಲಾ ಎಂಬ ದಟ್ಟ ಕಾಡೆಲ್ಲ ಕೆಳಗಿನ ಕಣಿವೆಗಳಲ್ಲಿ ಉಳಿದುಬಿಡುತ್ತದೆ. ಮೇಲೆ ಮೊಣಕಾಲೆತ್ತರದ ಹುಲ್ಲಿನ ನಡುವೆ ಎಲ್ಲಕ್ಕಿಂತ ಎತ್ತರವಾಗಿರುವುದು ನಡೆಯುವ ಮನುಷ್ಯನೇ. 1,930 ಮೀಟರ್ ಎತ್ತರದ ತುದಿಯಲ್ಲಿ ಗದ್ದುಗೆಯ ದರ್ಶನ ಮಾಡಿ, ಬುತ್ತಿ ಬಿಚ್ಚಿ ಕುಳಿತಾಗ ಪಶ್ಚಿಮದಲ್ಲಿ ಮಿಂಚಿತು. ನಾನು ಎಣಿಸಿದೆ. 20 ಸೆಕೆಂಡಿಗೆ ಗುಡುಗು ಕೇಳಿತು. ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ಎಂದರೆ ಹೆಚ್ಚುಕಡಿಮೆ ಏಳು ಕಿಲೋಮೀಟರ್. “ಇನ್ನೂ ದೂರವಿದೆ” ಎಂದು ಜೋರಾಗಿ ಹೇಳಿದವನೂ ನಾನೇ, ಅದು ನನ್ನ ದೊಡ್ಡ ತಪ್ಪು. ಮಿಂಚಿಗೂ ಗುಡುಗಿಗೂ ನಡುವೆ 30 ಸೆಕೆಂಡಿಗಿಂತ ಕಡಿಮೆ ಇದ್ದರೆ ಮುಂದಿನ ಸಿಡಿಲು ನಿಮ್ಮ ಮೇಲೆಯೇ ಬೀಳಬಹುದು, ಮಳೆ ಇನ್ನೂ ನಿಮ್ಮನ್ನು ಮುಟ್ಟದಿದ್ದರೂ ಸಹ.

ಆಗಲೂ ಉಳಿದುಕೊಳ್ಳುವ ದಾರಿಯಿತ್ತು. ತುದಿಯಿಂದ ಮೆಟ್ಟಿಲಿಳಿದರೆ ವಾಹನಗಳು ನಿಲ್ಲುವ ಜಾಗ ಸಿಗುತ್ತದೆ, ಗಾಜು ಏರಿಸಿದ ಕಾರಿನೊಳಗೆ ಕುಳಿತವರಿಗೆ ಸಿಡಿಲಿನಿಂದ ಬಹಳ ಮಟ್ಟಿಗೆ ರಕ್ಷಣೆಯಿರುತ್ತದೆ. ಆದರೆ ನಮ್ಮ ಗಾಡಿ ಸರ್ಪದಾರಿಯ ಬುಡದಲ್ಲಿದೆ ಎಂಬ ಒಂದೇ ಕಾರಣಕ್ಕೆ ಮಾರ್ಗದರ್ಶಿ ನಮ್ಮನ್ನು ಬಂದ ಏಣಿನ ಮೇಲೆಯೇ ವಾಪಸು ನಡೆಸಿದ. ಅವನ ಮೇಲಿನವರು ಗಾಡಿಯನ್ನು ಮೇಲೆ ಕಳಿಸಲು ಒಪ್ಪಲಿಲ್ಲವೆಂದು ಆಮೇಲೆ ತಿಳಿಯಿತು.

ಅರ್ಧ ದಾರಿ ಇಳಿದಿದ್ದೆವು. ಗೆಳೆಯನ ಕೈಯಲ್ಲಿದ್ದ ಮಡಚಿದ ಕೊಡೆಯ ತುದಿಯಿಂದ ಜೇನುನೊಣ ಗುಂಯ್‌ಗುಟ್ಟಿದಂಥ ಸಣ್ಣ ಸದ್ದು ಬರತೊಡಗಿತು, ನನ್ನ ಮುಂಗೈಯ ಕೂದಲು ನೆಟ್ಟಗೆ ನಿಂತವು. ಎಲ್ಲರೂ ಒಂದು ಚಾಚುಬಂಡೆಯ ಅಡಿಗೆ ನುಗ್ಗಿ ಒತ್ತೊತ್ತಾಗಿ ಕುಳಿತೆವು. ಇದನ್ನು ಎಂದಿಗೂ ಮಾಡಬೇಡಿ. ಬಂಡೆಗೆ ಬಡಿದ ಸಿಡಿಲು ಬಂಡೆಯ ಮೈಯಲ್ಲೂ ನೆಲದಲ್ಲೂ ಹರಿದು, ಅಲ್ಲಿ ಒರಗಿ ಕುಳಿತವರ ದೇಹದ ಮೂಲಕ ಹಾದುಹೋಗುತ್ತದೆ. ಬೇರೆ ದಾರಿಯೇ ಇಲ್ಲದಿದ್ದರೆ ಏಣಿನಿಂದ ಪಕ್ಕದ ತಗ್ಗಿಗೆ ಇಳಿದು, ಒಬ್ಬರಿಂದೊಬ್ಬರು ದೂರವಾಗಿ, ಪಾದಗಳನ್ನು ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಬೇಕು.

ಬೆಳಕೂ ಸದ್ದೂ ಒಟ್ಟಿಗೇ ಬಂದವು. ಬಂಡೆಗೆ ಬೆನ್ನು ಕೊಟ್ಟು ಕಾಲು ಚಾಚಿದ್ದ ಗೆಳೆಯ ಮುಂದಕ್ಕೆ ಬಿದ್ದಿದ್ದ. ಅವನ ಕಾಲುಗಳು ತಣ್ಣಗಾಗಿ, ನೀಲಿಗಟ್ಟಿ, ಅಲುಗದಂತಾಗಿದ್ದವು. ಶೂ ದಾರ ಪೋಣಿಸುವ ಎರಡು ಲೋಹದ ಬಳೆಗಳ ಕೆಳಗೆ ಕಾಲುಚೀಲದಲ್ಲಿ ಮೆಣಸಿನ ಕಾಳಿನಷ್ಟು ಕಪ್ಪು ತೂತುಗಳಾಗಿ, ಸುಟ್ಟ ಕೂದಲಿನ ವಾಸನೆ ಬರುತ್ತಿತ್ತು. ಮಾರ್ಗದರ್ಶಿ “ಮುಟ್ಟಬೇಡಿ, ಮೈಯಲ್ಲಿ ಕರೆಂಟ್ ಇರುತ್ತದೆ” ಎಂದು ಕೂಗಿದ, ನಾವೂ ಕ್ಷಣಕಾಲ ಹಿಂಜರಿದೆವು. ಸಿಡಿಲು ಬಡಿದವರ ಮೈಯಲ್ಲಿ ಕರೆಂಟ್ ಉಳಿದಿರುವುದಿಲ್ಲ. ಉಸಿರು, ನಾಡಿ ನಿಂತಿದ್ದರೆ ಆ ಕ್ಷಣದಲ್ಲೇ ಎದೆ ಒತ್ತಲು ಶುರುಮಾಡಬೇಕು, ಹಾಗೆ ಒತ್ತಿದ್ದರಿಂದಲೇ ಬದುಕಿದವರಿದ್ದಾರೆ. ನಮ್ಮ ಪುಣ್ಯಕ್ಕೆ ಅವನು ಉಸಿರಾಡುತ್ತಿದ್ದ.

ಚಿಕ್ಕಮಗಳೂರಿನ ಆಸ್ಪತ್ರೆಯಲ್ಲಿ ರಾತ್ರಿಯಿಡೀ ಇಸಿಜಿ ನೋಡಿದರು, ಕಾಲುಗಳಿಗೆ ಸ್ಪರ್ಶ ಮರಳಿದ್ದು ಹತ್ತು ಗಂಟೆಯ ಮೇಲೆ. ಬಂದು ನೋಡಿದವರಲ್ಲಿ ಹಲವರು, ಭದ್ರಾವತಿಯ ಕಾರ್ಖಾನೆಗೆ ಕೆಮ್ಮಣ್ಣುಗುಂಡಿಯಿಂದ ಅದಿರು ಹೋಗುತ್ತಿದ್ದ ಬೆಟ್ಟಸಾಲು ಇದು, ಕಬ್ಬಿಣವೇ ಸಿಡಿಲನ್ನು ಎಳೆಯುತ್ತದೆ ಎಂದರು. ಸಿಡಿಲು ಅದಿರನ್ನು ಹುಡುಕಿಕೊಂಡು ಬರುವುದಿಲ್ಲ; ಬಯಲಿನಲ್ಲಿ ಎತ್ತರವಾಗಿ, ಒಂಟಿಯಾಗಿ ನಿಂತದ್ದಕ್ಕೆ ಬಡಿಯುತ್ತದೆ.

ಆಯೋಜಕರು ಅರ್ಧ ಹಣ ಹಿಂತಿರುಗಿಸಿ, ಪ್ರಕೃತಿ ವಿಕೋಪಕ್ಕೆ ತಾವು ಹೊಣೆಯಲ್ಲ ಎಂದು ಬರೆದರು. ಮಳೆ ಅವರ ಕೈಯಲ್ಲಿರಲಿಲ್ಲ, ಒಪ್ಪುತ್ತೇನೆ. 11 ಗಂಟೆ ಎಂಬ ಸಮಯ ಅವರ ಕೈಯಲ್ಲೇ ಇತ್ತು. ಹೋಗಲೇಬೇಕೆಂದಿರುವವರು ಹಣ ಕಟ್ಟುವ ಮುಂಚೆ, ನಸುಕಿನಲ್ಲಿ ಹತ್ತಲು ಶುರುಮಾಡಿ ಮಧ್ಯಾಹ್ನ 12ರೊಳಗೆ ಏಣಿನಿಂದ ಇಳಿಸುತ್ತೀರಾ, ಗುಡುಗಿದರೆ ಗಾಡಿಯನ್ನು ಮೆಟ್ಟಿಲ ಬಳಿಗೆ ಕಳಿಸುತ್ತೀರಾ ಎಂದು ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ. ಸಿಡಿಲಿನ ಮುನ್ನೆಚ್ಚರಿಕೆ ಕೊಡುವ ‘ದಾಮಿನಿ’ ಅಥವಾ ‘ಸಿಡಿಲು’ ಆ್ಯಪ್ ಮೊಬೈಲಿನಲ್ಲಿರಲಿ. ಆದರೆ ಬೆಟ್ಟದ ಮೇಲೆ ಎಲ್ಲ ಕಡೆ ಸಿಗ್ನಲ್ ಸಿಗದ ಕಾರಣ ಹತ್ತುವ ಮುಂಚೆಯೇ ನೋಡಿಕೊಳ್ಳಿ.

ಗೆಳೆಯ ಈಗ ಚೆನ್ನಾಗಿ ನಡೆಯುತ್ತಾನೆ. ಅಂದು ಹರಿದ ಎಡಗಿವಿಯ ತಮಟೆ ಮಾತ್ರ ತಾನಾಗಿ ಕೂಡಿಕೊಳ್ಳಲಿಲ್ಲ, ಮುಂದಿನ ತಿಂಗಳು ಶಸ್ತ್ರಚಿಕಿತ್ಸೆಗೆ ದಿನ ಕೊಟ್ಟಿದ್ದಾರೆ.